ಚಂದ್ರನಿಗೆ ಮನುಷ್ಯರನ್ನ ಕಳ್ಸೋ ಖರ್ಚನ್ನ ಸಿಮೆಂಟ್ ಚೀಲದ ಮೇಲೆ ಲೆಕ್ಕ ಹಾಕೋದು ಹೆಂಗೆ

ಹೋದ ಭಾನುವಾರ ಮಂಡ್ಯಕ್ಕೆ ಹೋಗಿದ್ದೆ. ಕಲ್ಲಹಳ್ಳಿ ಕಡೆ ನಮ್ಮ ಸೋದರಮಾವ ಮನೆ ಕಟ್ಟಿಸ್ತಾ ಇದಾರೆ, ಎರಡೂವರೆ ವರ್ಷದಿಂದ ಕಟ್ಟಿಸ್ತಾನೇ ಇದಾರೆ. ಅರ್ಧ ಪ್ಲಾಸ್ಟರಿಂಗ್ ಆಗಿರೋ ಹಾಲಲ್ಲಿ ಎರಡು ಸಾಲಿಡ್ ಬ್ಲಾಕ್ ಮೇಲೆ ಹಲಗೆ ಇಟ್ಕೊಂಡು ಟೀ ಕುಡೀತಾ ಕೂತಿದ್ವಿ, ಮಾವ ಮೊಬೈಲ್ ತೆಗೆದು ಒಂದು ಫಾರ್ವರ್ಡ್ ತೋರಿಸಿದ್ರು. ಅಮೆರಿಕದವ್ರು ಚಂದ್ರನಿಗೆ ವಾಪಸ್ ಹೋಗಕ್ಕೆ 93 ಬಿಲಿಯನ್ ಡಾಲರ್ ಸುರಿದ್ರೂ ಇನ್ನೂ ಇಳಿದಿಲ್ಲ, ನಾವು ಬರೀ 615 ಕೋಟೀಲಿ ಇಳಿದ್ವಿ, ಹೆಮ್ಮೆಯಿಂದ ಶೇರ್ ಮಾಡಿ ಅಂತ.

"ಅವ್ರಿಗೆ ಲೆಕ್ಕ ಬರಾಕಿಲ್ವೇನ್ಲಾ?" ಅಂದ್ರು.

ಬರುತ್ತೆ ಮಾವ, ಆದ್ರೆ ಈ ಫಾರ್ವರ್ಡ್ ಬರೆದವ್ನಿಗೆ ಬರಲ್ಲ ಅಂದೆ. ಆಮೇಲೆ ಒಂದು ಖಾಲಿ ಸಿಮೆಂಟ್ ಚೀಲ ಎಳ್ಕೊಂಡು, ಕಾರ್ಪೆಂಟರ್ ಬಿಟ್ಟು ಹೋಗಿದ್ದ ಪೆನ್ಸಿಲಲ್ಲಿ ಒಂದೂವರೆ ಗಂಟೆ ಲೆಕ್ಕ ಹಾಕಿದ್ವಿ. ಅದನ್ನೇ ಇಲ್ಲಿ ಬರೀತಾ ಇದೀನಿ, ಮುಂದಿನ ಸಲ ನಿಮ್ಮ ಫ್ಯಾಮಿಲಿ ಗ್ರೂಪಲ್ಲಿ ಇಂಥದ್ದು ಬಂದ್ರೆ ನೀವೇ ಕೂತು ಹಾಕ್ಕೊಳ್ಳಿ. ಕ್ಯಾಲ್ಕುಲೇಟರ್ ಕೂಡ ಬೇಡ.

ಮೊದ್ಲು ಬಿಲಿಯನ್ ಅನ್ನೋ ಪದಾನ ಹೊಡೆದು ಹಾಕಿ. ಅದು ನಮ್ಮ ತಲೆಗೆ ಹತ್ತೋ ಅಳತೆ ಅಲ್ಲ. ಒಂದು ಬಿಲಿಯನ್ ಅಂದ್ರೆ 100 ಕೋಟಿ, ಡಾಲರಿಗೆ 85 ರೂಪಾಯಿ ಅಂತ ಇಟ್ಕೊಂಡ್ರೆ ಒಂದು ಬಿಲಿಯನ್ ಡಾಲರ್ ಅಂದ್ರೆ 8,500 ಕೋಟಿ ರೂಪಾಯಿ. ಡಾಲರ್ ರೇಟು ಆ ಕಡೆ ಈ ಕಡೆ ಆಗ್ತಾ ಇರುತ್ತೆ, ಚೀಲದ ಮೇಲಿನ ಲೆಕ್ಕಕ್ಕೆ ಇಷ್ಟು ಸಾಕು. ಈಗ ಮಜಾ ನೋಡಿ, 2023ರ ಮಾರ್ಚಲ್ಲಿ ನಮ್ಮ ಮಂಡ್ಯದಲ್ಲೇ ಉದ್ಘಾಟನೆ ಆಯ್ತಲ್ಲ ಬೆಂಗಳೂರು-ಮೈಸೂರು ಹೈವೇ, 118 ಕಿಲೋಮೀಟರ್, ಅದರ ಖರ್ಚು ಸುಮಾರು 8,480 ಕೋಟಿ. ಅಂದ್ರೆ ಒಂದು ಬಿಲಿಯನ್ ಡಾಲರ್ ಅಂದ್ರೆ ಹೆಚ್ಚುಕಮ್ಮಿ ಒಂದು ಹೈವೇ. ಇಷ್ಟು ನೆನಪಿಟ್ಕೊಂಡ್ರೆ ಅರ್ಧ ಕೆಲ್ಸ ಮುಗೀತು, ಇನ್ಮೇಲೆ ಬಿಲಿಯನ್ ಅಂತ ಕಂಡ ಕಡೆ ಹೈವೇ ಅಂತ ಓದ್ಕೊಳ್ಳಿ. 93 ಬಿಲಿಯನ್ ಅಂದ್ರೆ 93 ಹೈವೇ. ಚಂದ್ರಯಾನ-3ರ 615 ಕೋಟಿ ಅಂದ್ರೆ ಅದೇ ಹೈವೇಲಿ ಎಂಟೂವರೆ ಕಿಲೋಮೀಟರು, ಮೈಸೂರು ಬಿಟ್ಟು ಶ್ರೀರಂಗಪಟ್ಟಣದ ಅರ್ಧ ದಾರಿ ದಾಟೋ ಅಷ್ಟೊತ್ತಿಗೆ ದುಡ್ಡು ಖಾಲಿ.

ಇಲ್ಲಿಗೆ ನಿಲ್ಲಿಸಿದ್ರೆ ಫಾರ್ವರ್ಡೇ ಸರಿ ಅನ್ಸುತ್ತೆ. ಮಾವನೂ "ಅದ್ನೇ ಕನ ನಾ ಯೋಳಿದ್ದು" ಅಂದ್ರು. ನಿಲ್ಲಿಸ್ಬೇಡಿ.

ಮುಂದಿನ ಪ್ರಶ್ನೆ, ಗಾಡೀಲಿ ಯಾರಿದಾರೆ, ಅವ್ರು ವಾಪಸ್ ಬರಬೇಕಾ? ಚಂದ್ರಯಾನ-3ರಲ್ಲಿ ಹೋಗಿದ್ದು ಸುಮಾರು 1,750 ಕೆಜಿ ತೂಕದ ವಿಕ್ರಮ್ ಲ್ಯಾಂಡರ್, ಅದರ ಹೊಟ್ಟೇಲಿ 26 ಕೆಜಿ ಪ್ರಜ್ಞಾನ್ ರೋವರ್. ಊಟ ಬೇಡ, ಉಸಿರು ಬೇಡ, ಒಂದೇ ಕಡೆ ಟಿಕೆಟ್. 2023ರ ಜುಲೈ 14ಕ್ಕೆ ಹೊರಟು ಆಗಸ್ಟ್ 23ಕ್ಕೆ ಇಳೀತು, 40 ದಿನ. ಭೂಮಿ ಸುತ್ತ ಸುತ್ತು ಹೊಡ್ಕೊಂಡು ಸುತ್ತು ಹೊಡ್ಕೊಂಡು ಸ್ವಲ್ಪ ಸ್ವಲ್ಪ ಮೇಲೆ ಹೋಗಿದ್ದು, ಸಣ್ಣ ರಾಕೆಟಲ್ಲಿ ಹೋಗೋ ಜಾಣತನ ಅದು. ಮನುಷ್ಯರನ್ನ ಕೂರಿಸ್ಕೊಂಡು 40 ದಿನ ಹಂಗೆ ಸುತ್ತಾಡ್ಸಕ್ಕೆ ಆಗುತ್ತಾ? ಅಪೊಲೊ 11 1969ರ ಜುಲೈ 16ಕ್ಕೆ ಹೊರಟು 20ಕ್ಕೆ ಇಳೀತು, ನಾಲ್ಕೇ ದಿನ. ಅಷ್ಟು ಬೇಗ ಹೋಗಕ್ಕೆ, ಹೋದವ್ರಿಗೆ ಗಾಳಿ ನೀರು ಕೊಡಕ್ಕೆ, ಅಲ್ಲಿಂದ ಮತ್ತೆ ಮೇಲೇಳಕ್ಕೆ, ಕೊನೇಗೆ ಗಂಟೆಗೆ ಸುಮಾರು 40,000 ಕಿಲೋಮೀಟರ್ ಸ್ಪೀಡಲ್ಲಿ ಭೂಮಿ ಗಾಳಿಗೆ ನುಗ್ಗಿದಾಗ ಸುಟ್ಟು ಹೋಗ್ದೇ ಇರಕ್ಕೆ, ಎಲ್ಲಕ್ಕೂ ತೂಕ ಬೇಕು, ತೂಕ ಅಂದ್ರೆ ಇಂಧನ, ಇಂಧನ ಅಂದ್ರೆ ಮತ್ತೆ ತೂಕ. ಅದಕ್ಕೇ ಅಪೊಲೊನ ಹೊತ್ಕೊಂಡು ಹೋದ ಸ್ಯಾಟರ್ನ್-5 ರಾಕೆಟ್ಟು 110 ಮೀಟರ್ ಎತ್ತರ ಇತ್ತು. ಗೊಬ್ಬರದ ಮೂಟೆ ಸಾಗ್ಸೋ ಬಾಡಿಗೇನೂ ಬಾಣಂತಿ ಕರ್ಕೊಂಡು ಬರೋ ಬಾಡಿಗೇನೂ ಒಂದೇ ತಕ್ಕಡೀಲಿ ಇಡಬಾರ್ದು.

ಇನ್ನೊಂದು ವಿಷ್ಯ ಜನ ಮರೀತಾರೆ. ಆ 615 ಕೋಟಿಯಲ್ಲಿ ಲ್ಯಾಂಡರ್ ರೋವರ್ ಕಡೆಗೆ ಸುಮಾರು 250, ಉಡಾವಣೆಗೆ ಸುಮಾರು 365. ಆರ್ಬಿಟರ್ ಎಲ್ಲಿ? ಚಂದ್ರಯಾನ-2ರದ್ದು 2019ರಿಂದ ಅಲ್ಲೇ ಮೇಲೆ ಸುತ್ತುತಾ ಇತ್ತಲ್ಲ, ಅದನ್ನೇ ಬಳಸ್ಕೊಂಡ್ರು. ಚಂದ್ರಯಾನ-2ಕ್ಕೆ ಆಗಿದ್ದು 978 ಕೋಟಿ, ಅದರ ಲ್ಯಾಂಡರ್ ಬಿದ್ದು ಕಲಿಸಿದ ಬುದ್ಧೀನೂ ಅದ್ರಲ್ಲೇ ಸೇರ್ತು. ಹಳೇ ಮನೆ ಪಾಯದ ಮೇಲೆ ಹೊಸ ಮನೆ ಕಟ್ಟಿ ಇಷ್ಟಕ್ಕೇ ಆಯ್ತು ಅಂತ ಹೇಳ್ದಂಗೆ. ಇಸ್ರೋದವ್ರ ಮಿತವ್ಯಯ ನಿಜಾನೇ, ಅದರ ಬಗ್ಗೆ ನಂಗೂ ಹೆಮ್ಮೆ ಇದೆ, ಆದ್ರೆ ಹೋಲಿಕೆ ಸರಿಯಾಗಿ ಮಾಡ್ಬೇಕಾದ್ರೆ ಜನರನ್ನ ಬಾಹ್ಯಾಕಾಶಕ್ಕೆ ಕಳ್ಸೋ ನಮ್ಮ ಗಗನಯಾನ ತಗೊಳ್ಳಿ. 2018ರಲ್ಲಿ ಮಂಜೂರಾಗಿದ್ದು 9,023 ಕೋಟಿ, 2024ರ ಸೆಪ್ಟೆಂಬರಲ್ಲಿ ಬಾಹ್ಯಾಕಾಶ ನಿಲ್ದಾಣದ ಮೊದಲ ಭಾಗಾನೂ ಸೇರಿಸಿ ಅದು 20,193 ಕೋಟಿ ಆಯ್ತು. ಎರಡು ಹೈವೇ ದಾಟ್ತು, ಅದೂ ಭೂಮಿಯಿಂದ 400 ಕಿಲೋಮೀಟರ್ ಮೇಲೆ ಹೋಗಿ ಬರಕ್ಕೆ. ಚಂದ್ರ ಇರೋದು 3,84,000 ಕಿಲೋಮೀಟರ್ ದೂರದಲ್ಲಿ. ಗಗನಯಾನಕ್ಕೂ ಮೊದ್ಲು ಹೇಳಿದ್ದು 2022 ಅಂತ, ಯಾರ ಮನೆ ದೋಸೆ ತೂತಿಲ್ಲ ಹೇಳಿ.

ಆಮೇಲೆ ಯಾವ ಕಾಲದ ದುಡ್ಡು ಅಂತ ಕೇಳಿ. ಅಪೊಲೊಗೆ ಆಗಿನ ಲೆಕ್ಕದಲ್ಲಿ ಸುಮಾರು 25.8 ಬಿಲಿಯನ್ ಡಾಲರ್ ಆಗಿತ್ತು. ಅಯ್ಯೋ ಅಷ್ಟೇನಾ, ಈಗ 93 ಯಾಕೆ ಅಂತೀರಾ. ನಮ್ಮಜ್ಜಿ ಮದುವೆ ಖರ್ಚನ್ನ ನನ್ನ ತಂಗಿ ಮದುವೆ ಖರ್ಚಿಗೆ ಹೋಲಿಸಿದ್ರೆ ಹೆಂಗೋ ಹಂಗೆ ಅದು. 2020ರ ಬೆಲೆಗೆ ತಂದ್ರೆ ಅಪೊಲೊ ಸುಮಾರು 257 ಬಿಲಿಯನ್. 257 ಹೈವೇ! 1966ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಖರ್ಚು ಮಾಡಿದ ಪ್ರತಿ ನೂರು ಡಾಲರಲ್ಲಿ ನಾಲ್ಕಕ್ಕೂ ಜಾಸ್ತಿ ನಾಸಾಗೆ ಹೋಗ್ತಿತ್ತು, ಈಗ ಅರ್ಧ ಡಾಲರೂ ಹೋಗಲ್ಲ. ಆಗ ಕೆಲ್ಸ ಮಾಡಿದ್ದು ನಾಲ್ಕು ಲಕ್ಷ ಜನ. ಹಂಗಾಗಿ ಚಂದ್ರನ ಮೇಲೆ ಜನರನ್ನ ಇಳಿಸ್ತೀವಿ ಅಂತ 1961ರಲ್ಲಿ ಅಧ್ಯಕ್ಷ ಕೆನಡಿ ಹೇಳಿದ್ದು 1969ರಲ್ಲಿ ಆಗೋಯ್ತು. ದುಡ್ಡು ಒಂದೇ ಸಲ ಸುರಿದ್ರೆ ಬೇಗ ಆಗುತ್ತೆ, ಕಂತಲ್ಲಿ ಕೊಟ್ರೆ ನಿಧಾನ ಆಗುತ್ತೆ, ಇಷ್ಟು ಮಾವನಿಗೆ ನಾನು ಹೇಳೋದೇ ಬೇಕಾಗಿರ್ಲಿಲ್ಲ, ಸುತ್ತ ಗೋಡೆ ನೋಡಿದ್ರೆ ಸಾಕಿತ್ತು.

ಈಗ ಮುಖ್ಯವಾದ ಲೆಕ್ಕ, ಇದನ್ನ ನಿಧಾನಕ್ಕೆ ಓದಿ. ನಾಸಾದ ಒಳಗೇ ಒಂದು ಆಡಿಟ್ ವಿಭಾಗ ಇದೆ, ಇನ್ಸ್‌ಪೆಕ್ಟರ್ ಜನರಲ್ ಆಫೀಸು, ನಮ್ಮ ಸಿಎಜಿ ಥರ ಮುಲಾಜಿಲ್ದೆ ಬರೀತಾರೆ. ಆ 93 ಬಿಲಿಯನ್ ಅನ್ನೋ ಅಂಕಿ ಅವ್ರದ್ದೇ, 2012ರಿಂದ 2025ರವರೆಗೆ ಆರ್ಟೆಮಿಸ್, ಅಂದ್ರೆ ಚಂದ್ರನಿಗೆ ವಾಪಸ್ ಹೋಗೋ ಯೋಜನೆ, ಅದರ ಕೆಲ್ಸಕ್ಕೆ ಸೇರಿದ ಎಲ್ಲದರ ಒಟ್ಟು ಅಂದಾಜು. ಅವ್ರದ್ದೇ ಇನ್ನೊಂದು ಅಂಕಿ ಇದೆ, ಮೊದಲ ನಾಲ್ಕು ಯಾನಗಳಿಗೆ ಪ್ರತಿ ಉಡಾವಣೆಗೆ 4.1 ಬಿಲಿಯನ್. ಎಸ್‌ಎಲ್‌ಎಸ್ ರಾಕೆಟ್ಟಿಗೆ 2.2, ಓರಿಯನ್ ನೌಕೆಗೆ 1, ಯೂರೋಪಿನವ್ರು ಕೊಡೋ ಸರ್ವೀಸ್ ಮಾಡ್ಯೂಲಿಗೆ 0.3, ನೆಲದ ಮೇಲಿನ ವ್ಯವಸ್ಥೆಗೆ ಅರ್ಧ ಬಿಲಿಯನ್ನಿಗಿಂತ ಸ್ವಲ್ಪ ಜಾಸ್ತಿ. ನಾಲ್ಕು ಹೈವೇ ಪೂರ್ತಿ, ಐದನೇದ್ರಲ್ಲಿ ಇನ್ನೂ ಹನ್ನೆರಡು ಕಿಲೋಮೀಟರ್. ಇದರಲ್ಲಿ ಡಿಸೈನ್ ಮಾಡಿದ ಹಳೇ ಖರ್ಚು ಸೇರಿಲ್ಲ, ಚಂದ್ರನ ಮೇಲೆ ಇಳಿಯೋ ಲ್ಯಾಂಡರೂ ಸೇರಿಲ್ಲ. 2022ರ ಮಾರ್ಚಲ್ಲಿ ಆಗಿನ ಇನ್ಸ್‌ಪೆಕ್ಟರ್ ಜನರಲ್ ಪಾಲ್ ಮಾರ್ಟಿನ್ ಸಂಸತ್ತಿನ ಸಮಿತಿ ಮುಂದೆ ಕೂತು ಈ ಖರ್ಚು ತಡ್ಕೊಳಕ್ಕಾಗಲ್ಲ ಅನ್ನೋ ಅರ್ಥದಲ್ಲೇ ಹೇಳಿದ್ರು.

"ಒಂದ್ ಸಲ ಹಾರ್ಸಕ್ಕೆ ನಾಕ್ ಹೈವೇನಾ? ಅದ್ರೊಳಗೆ ಚಿನ್ನ ಏನಾದ್ರೂ ತುಂಬವ್ರಾ?"

ಚಿನ್ನ ಇಲ್ಲ ಮಾವ, ಸಂಬಳ ಇದೆ. ಮಾವ ಪಾಂಡವಪುರದ ಕಡೆ ಆಲೆಮನೆ ನಡೆಸ್ತಿದ್ರು, ಕೆಲವು ವರ್ಷದ ಹಿಂದೆ ಕೊಟ್ಬಿಟ್ರು. ಅದಕ್ಕೇ ಕೇಳ್ದೆ, ದಿನಕ್ಕೆ ಎಂಟು ಕೊಪ್ಪರಿಗೆ ಪಾಕ ಇಳಿಸಿದ್ರೂ ಒಂದೇ ಕೊಪ್ಪರಿಗೆ ಇಳಿಸಿದ್ರೂ ಬದಲಾಗದ ಖರ್ಚು ಯಾವ್ಯಾವ್ದು ಅಂತ. ಬೆರಳು ಮಡಚ್ಕೊಂಡು ಹೇಳಿದ್ರು: ಜಾಗದ ಬಾಡಿಗೆ, ಗಾಣದ ಸಾಲದ ಬಡ್ಡಿ, ಪಾಕ ನೋಡೋನ ಸಂಬಳ ಯಾಕಂದ್ರೆ ಅವನನ್ನ ಒಂದ್ ವಾರ ಬಿಟ್ರೆ ಪಕ್ಕದ ಆಲೆಮನೆಯೋರು ಎಳ್ಕೊಂಡು ಹೋಗ್ತಾರೆ, ರಾತ್ರಿ ಕಾವಲು. "ಕಬ್ಬು ಬರದ ದಿನಾನೇ ಜಾಸ್ತಿ ಖರ್ಚು ಕನ" ಅಂದ್ರು. ಅವತ್ತು ಒಂದೇ ಕೊಪ್ಪರಿಗೆ ಇಳಿದ್ರೆ ಅಷ್ಟೂ ಖರ್ಚು ಆ ಒಂದು ಕೊಪ್ಪರಿಗೆ ಬೆಲ್ಲದ ತಲೆ ಮೇಲೆ.

ಎಸ್‌ಎಲ್‌ಎಸ್ ಕಥೆ ಇದೇ. 2010ರ ಕಾಯ್ದೇಲಿ ಅದನ್ನ ಕಟ್ಟಿ ಅಂದ್ರು, 2016ರ ಕೊನೇಗೆ ಸಿದ್ಧ ಇರ್ಬೇಕು ಅಂದ್ರು, ಮೊದಲ ಸಲ ಹಾರಿದ್ದು 2022ರ ನವೆಂಬರ್ 16ಕ್ಕೆ, ಅದೇ ಆರ್ಟೆಮಿಸ್ 1. ಅದೂ ಯಾರೂ ಕೂತಿರ್ಲಿಲ್ಲ. ಅದಾದ್ಮೇಲೆ ನಾಲ್ಕು ಜನ ಕೂತು ಚಂದ್ರನ್ನ ಸುತ್ತಿ ಬರೋ ಆರ್ಟೆಮಿಸ್ 2ಕ್ಕೆ 2024ರ ನವೆಂಬರ್ ಅಂದಿದ್ದು 2025ರ ಸೆಪ್ಟೆಂಬರ್ ಆಯ್ತು, ಆಮೇಲೆ 2026ಕ್ಕೆ ಹೋಯ್ತು. ಒಂದು ಕೊಪ್ಪರಿಗೆಗೂ ಇನ್ನೊಂದಕ್ಕೂ ಮಧ್ಯ ಮೂರು ವರ್ಷದ ಮೇಲೆ! ಆ ಅಷ್ಟೂ ದಿನ ಸಾವಿರಾರು ಇಂಜಿನಿಯರ್‌ಗಳು, ವೆಲ್ಡಿಂಗ್‌ನವ್ರು, ಉಡಾವಣಾ ಕಟ್ಟೆ ನೋಡ್ಕೊಳ್ಳೋರು ಸಂಬಳ ತಗೋತಾನೇ ಇರ್ಬೇಕು, ಕಳಿಸಿಬಿಟ್ರೆ ಕೈ ಪಳಗಿದವ್ರು ಮತ್ತೆ ಸಿಗಲ್ಲ. ಅಪೊಲೊ ಜೊತೆ ಇಟ್ಟು ನೋಡಿ: ಅಪೊಲೊ 8 1968ರ ಡಿಸೆಂಬರ್, 9 ಮುಂದಿನ ಮಾರ್ಚ್, 10 ಮೇ, 11 ಜುಲೈ. ಏಳು ತಿಂಗಳಲ್ಲಿ ನಾಲ್ಕು ಸಲ ಜನರನ್ನ ಕಳಿಸಿದ್ರು. ಅದು ಹಬ್ಬದ ಸೀಸನ್ ಆಲೆಮನೆ. ಸೀಸನ್ ನಡುವೆ ಒಲೆ ಆರಿಸಿದ್ರು ಅನ್ನೋದೂ ನಿಜ, 1970ರಲ್ಲಿ ಅಪೊಲೊ 18, 19, 20 ರದ್ದಾಯ್ತು, ಹಾರಕ್ಕೆ ಅಂತ ಕಟ್ಟಿದ ರಾಕೆಟ್ ಭಾಗಗಳು ಈಗ ಮ್ಯೂಸಿಯಮ್ಮಲ್ಲಿ ಮಲಗಿವೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ. 1972ರ ಡಿಸೆಂಬರಲ್ಲಿ ಸರ್ನನ್ ಮತ್ತೆ ಶ್ಮಿಟ್ ಚಂದ್ರನಿಂದ ಎದ್ದು ಬಂದ್ಮೇಲೆ ಅಷ್ಟೇ, ಒಟ್ಟು 12 ಜನ ನಡೆದದ್ದು.

ಹಂಗಾಗಿ ಖರ್ಚಿನ ಸುದ್ದಿ ಓದುವಾಗ ರೇಟನ್ನ ಮಾತ್ರ ನೋಡ್ಬೇಡಿ, ವರ್ಷಕ್ಕೆ ಎಷ್ಟು ಕೊಪ್ಪರಿಗೆ ಅಂತ ಪಕ್ಕದಲ್ಲೇ ಬರ್ಕೊಳ್ಳಿ. ತಡ ಆಗಿದ್ದಕ್ಕೇ ಖರ್ಚು ಜಾಸ್ತಿ, ಖರ್ಚು ಜಾಸ್ತಿ ಅಂತ ವರ್ಷಕ್ಕೊಂದೂ ಹಾರ್ಸಲ್ಲ, ಹಾರ್ಸಲ್ಲ ಅಂತ ಮತ್ತೆ ಖರ್ಚು ಜಾಸ್ತಿ. ಸುತ್ತ ಸುತ್ತ ಅದೇ.

ಕಾಂಟ್ರಾಕ್ಟು ಯಾವ ಥರದ್ದು ಅಂತಾನೂ ನೋಡ್ಬೇಕು. ಮನೆ ಕಟ್ಟಿಸಿದವ್ರಿಗೆ ಇದು ಒಂದೇ ಮಾತಲ್ಲಿ ಅರ್ಥ ಆಗುತ್ತೆ. ಒಂದು, ಚದರಕ್ಕಿಷ್ಟು ಅಂತ ಮಾತಾಡಿ ಮುಗಿಸೋದು. ಇನ್ನೊಂದು, ಆದಷ್ಟು ಬಿಲ್ ಕೊಡ್ತೀನಿ ಮೇಲೆ ನಿನ್ನ ಪರ್ಸೆಂಟೇಜ್ ತಗೋ ಅನ್ನೋದು. ಎಸ್‌ಎಲ್‌ಎಸ್, ಓರಿಯನ್ ಎರಡೂ ಬಹುಪಾಲು ಎರಡನೇ ಥರದ್ದು. ತಡ ಆದ್ರೆ ಮೇಸ್ತ್ರಿಗೇನು ನಷ್ಟ? ಎಸ್‌ಎಲ್‌ಎಸ್‌ನ ದೊಡ್ಡ ಮಾದರಿಗೆ ಅಂತ ಎರಡನೇ ಉಡಾವಣಾ ಗೋಪುರ ಕಟ್ಟಕ್ಕೆ 2019ರಲ್ಲಿ ಕೊಟ್ಟ ಕಾಂಟ್ರಾಕ್ಟ್ 383 ಮಿಲಿಯನ್ ಡಾಲರ್, ಅಂದ್ರೆ ನಮ್ಮ ಹೈವೇಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. 2024ರಲ್ಲಿ ಆಡಿಟ್‌ನವ್ರು ಇದು 2.7 ಬಿಲಿಯನ್ ಮುಟ್ಟಬಹುದು ಅಂದ್ರು. ರಾಕೆಟ್ ಅಲ್ಲ ಸ್ವಾಮಿ, ರಾಕೆಟ್ ನಿಲ್ಲಿಸೋ ಕಬ್ಬಿಣದ ಸಾರ್ವೆ. ಇನ್ನೊಂದು ನಂಗೆ ಯಾವಾಗ್ಲೂ ಕಾಡುತ್ತೆ, ಆರ್ಟೆಮಿಸ್ 1ರ ಕೆಳಗಿದ್ದ ನಾಲ್ಕು ಆರ್‌ಎಸ್-25 ಇಂಜಿನ್ನು ಹಿಂದೆ ನಾಸಾದ ಸ್ಪೇಸ್ ಶಟಲ್ಲಲ್ಲಿ ಹೋಗಿ ಬಂದು ಹೋಗಿ ಬಂದು ಮಾಡಿದ್ವು, ಮತ್ತೆ ಮತ್ತೆ ಬಳಸಕ್ಕೆ ಅಂತಲೇ ಮಾಡಿದ್ದವು, ಎಸ್‌ಎಲ್‌ಎಸ್‌ನಲ್ಲಿ ಒಂದೇ ಸಲ ಉರಿದು ಸಮುದ್ರ ಸೇರಿದ್ವು. ಸ್ಟೀಲ್ ಲೋಟದಲ್ಲಿ ಒಂದ್ಸಲ ಟೀ ಕುಡಿದು ವಿಸಿ ನಾಲೆಗೆ ಎಸೆದಂಗೆ.

ಲ್ಯಾಂಡರ್ ವಿಷ್ಯದಲ್ಲಿ ನಾಸಾ ಚದರದ ಲೆಕ್ಕಕ್ಕೆ ಬಂತು. 2021ರಲ್ಲಿ ಸ್ಪೇಸ್‌ಎಕ್ಸಿಗೆ 2.89 ಬಿಲಿಯನ್, 2023ರಲ್ಲಿ ಬ್ಲೂ ಒರಿಜಿನ್ನಿಗೆ 3.4 ಬಿಲಿಯನ್, ಜಾಸ್ತಿ ಆದ್ರೆ ನಿಮ್ಮ ಕೈಯಿಂದ ಹಾಕ್ಕೊಳ್ಳಿ ಅಂತ. ಒಳ್ಳೇದೇ. ಆದ್ರೆ ಚದರದ ಲೆಕ್ಕ ದುಡ್ಡನ್ನ ಕಟ್ಟಿ ಹಾಕುತ್ತೆ, ತಾರೀಕನ್ನ ಕಟ್ಟಿ ಹಾಕಲ್ಲ. ಮಾವನ ಮನೇನೂ ಚದರದ ಲೆಕ್ಕವೇ, ಕಾಂಟ್ರಾಕ್ಟರ್ ರೂಫ್ ಆದ್ಮೇಲೆ ಇನ್ನೊಂದು ಸೈಟಿಗೆ ಹುಡುಗರನ್ನ ಕರ್ಕೊಂಡು ಹೋದವ್ರು ನಾಲ್ಕು ತಿಂಗಳು ಈ ಕಡೆ ತಲೆ ಹಾಕ್ಲಿಲ್ಲ, ಇತ್ತ ಬಾಡಿಗೆ ಮನೆ ಬಾಡಿಗೆ ಮಾವನ ಜೇಬಿಂದ. ಸ್ಪೇಸ್‌ಎಕ್ಸಿನ ಲ್ಯಾಂಡರ್ ಸ್ಟಾರ್‌ಶಿಪ್‌ದು ಬೇರೆ ಥರದ ತಾಪತ್ರಯ, ಅದು ಭೂಮಿ ಸುತ್ತ ನಿಂತು ಟ್ಯಾಂಕ್ ತುಂಬಿಸ್ಕೊಂಡೇ ಚಂದ್ರನ ಕಡೆ ಹೋಗ್ಬೇಕು, ಅದಕ್ಕೆ ಒಂದಾದ ಮೇಲೊಂದು ಟ್ಯಾಂಕರ್ ರಾಕೆಟ್ ಹೋಗಿ ತಣ್ಣಗಿನ ದ್ರವ ಆಕ್ಸಿಜನ್ನೂ ಮೀಥೇನೂ ಸುರೀಬೇಕು. ಬೇಸಿಗೇಲಿ ನೀರಿನ ಟ್ಯಾಂಕರಿಗೆ ಫೋನ್ ಮಾಡಿ ಕಾದವ್ರಿಗೆ ಗೊತ್ತು, ಒಂದು ಬಂದ್ರೆ ಇನ್ನೊಂದು ಬರಲ್ಲ, ಇನ್ನೊಂದು ಬರೋ ಅಷ್ಟೊತ್ತಿಗೆ ಮೊದಲನೇದು ಖಾಲಿ ಆಗಿರುತ್ತೆ. ಇಲ್ಲೂ ಅದೇ ಭಯ, ಕಾಯ್ತಾ ಕಾಯ್ತಾ ಒಳಗಿರೋದು ಆವಿಯಾಗ್ತಾ ಇರುತ್ತೆ.

ಈಗ ತಾರೀಕು ಓದೋದು. ಬಾಹ್ಯಾಕಾಶದವ್ರು ಯಾವಾಗ್ಲೂ "ಇಂಥ ದಿನಕ್ಕಿಂತ ಮೊದಲಂತೂ ಇಲ್ಲ" ಅಂತ ಹೇಳ್ತಾರೆ, ಪೇಪರಲ್ಲಿ ಬರೋ ಅಷ್ಟೊತ್ತಿಗೆ ಅದು "ಇಂಥ ದಿನ ಹೋಗ್ತಾರೆ" ಅಂತ ಆಗಿರುತ್ತೆ. ಎರಡಕ್ಕೂ ಅಜಗಜಾಂತರ. ನಮ್ಮ ಕಡೆ ಹಿಂದೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೀತಿದ್ರಲ್ಲ, ಅದನ್ನ ಓದಿದಂಗೆ ಓದ್ಕೊಳ್ಳಿ. ಆಮೇಲೆ ಪ್ರತಿ ಸಲ ಹೊಸ ತಾರೀಕು ಬಂದಾಗ ಅದನ್ನ ಹೇಳಿದ್ದು ಯಾವಾಗ ಅನ್ನೋದನ್ನೂ ಬರ್ದಿಟ್ಕೊಳ್ಳಿ. ಆರ್ಟೆಮಿಸ್ 3ರಲ್ಲಿ ಜನ ಇಳೀತಾರೆ ಅನ್ನೋದಕ್ಕೆ 2019ರ ಮಾರ್ಚಲ್ಲಿ ಹೇಳಿದ್ದು 2024, ಅದೂ 2028 ಅಂತಿದ್ದಿದ್ದನ್ನ ಒಂದು ಭಾಷಣದಲ್ಲಿ ನಾಲ್ಕು ವರ್ಷ ಹಿಂದಕ್ಕೆ ಎಳೆದಿದ್ದು. 2021ರ ನವೆಂಬರಲ್ಲಿ ಹೇಳಿದ್ದು 2025. 2024ರ ಜನವರೀಲಿ ಹೇಳಿದ್ದು 2026ರ ಸೆಪ್ಟೆಂಬರ್. 2024ರ ಡಿಸೆಂಬರಲ್ಲಿ ಹೇಳಿದ್ದು 2027ರ ಮಧ್ಯಭಾಗ.

ಕೊನೇ ಎರಡನ್ನ ಹಿಡ್ಕೊಳ್ಳಿ. ಜನವರಿಯಿಂದ ಡಿಸೆಂಬರಿಗೆ ಕಳೆದಿದ್ದು ಹನ್ನೊಂದು ತಿಂಗಳು. ಅಷ್ಟರಲ್ಲಿ ಗುರಿ ದೂರ ಹೋಗಿದ್ದು ಸುಮಾರು ಒಂಬತ್ತು ತಿಂಗಳು. ಅಂದ್ರೆ ಹನ್ನೊಂದು ತಿಂಗಳು ನಡೆದು ನಿಜವಾಗ್ಲೂ ಹತ್ರ ಆಗಿದ್ದು ಎರಡೇ ತಿಂಗಳು. ಈ ಲೆಕ್ಕವನ್ನ ಯಾವ ಪ್ರಾಜೆಕ್ಟಿಗೆ ಬೇಕಾದ್ರೂ ಹಾಕಿ, ಮೆಟ್ರೋಗೂ ಸರಿ, ಗಗನಯಾನಕ್ಕೂ ಸರಿ. ಕಳೆದು ಹೋದ ತಿಂಗಳುಗಳಿಗಿಂತ ಜಾರಿದ ತಿಂಗಳುಗಳು ಜಾಸ್ತಿ ಇದ್ರೆ ಅವ್ರು ಹಿಂದಕ್ಕೆ ನಡೀತಾ ಇದಾರೆ ಅಂತ.

ಹಂಗಂತ ತಡ ಆದಾಗೆಲ್ಲ ಬೈಬೇಡಿ. ಯಾಕೆ ತಡ ಅಂತ ಒಂದು ಸಾಲು ಹುಡುಕಿ. ಆರ್ಟೆಮಿಸ್ 1ರ ಓರಿಯನ್ ವಾಪಸ್ ಬಂದಾಗ ಅದರ ಶಾಖದ ಕವಚದಲ್ಲಿ ನೂರಕ್ಕೂ ಜಾಸ್ತಿ ಕಡೆ ಚಕ್ಕೆ ಎದ್ದು ಹೋಗಿತ್ತು. ಅದು ಹೆಂಗೆ ಅಂದ್ರೆ, ನೌಕೆ ನೀರಿನ ಮೇಲೆ ಕಪ್ಪೆಕಲ್ಲು ಹಾರಿದಂಗೆ ಗಾಳಿಗೆ ಒಂದ್ಸಲ ಬಿದ್ದು ಎದ್ದು ಮತ್ತೆ ಬಿತ್ತು, ಆ ನಡುವೆ ಕವಚದ ಒಳಗೆ ಹುಟ್ಟಿದ ಗ್ಯಾಸು ಹೊರಗೆ ಬರಕ್ಕೆ ದಾರಿ ಸಿಗ್ದೆ ಒತ್ತಡ ಜಾಸ್ತಿ ಆಗಿ ಬಿರುಕು ಬಿಡ್ತು, ಆವಿ ಹೋಗಕ್ಕೆ ತೂತಿಲ್ಲದ ಕುಕ್ಕರ್ ಥರ. ಕಾರಣ ಹುಡುಕಿ ಹೇಳೋ ಅಷ್ಟೊತ್ತಿಗೆ ಎರಡು ವರ್ಷ. ಆ ಎರಡು ವರ್ಷಾನ ನಾನು ದಂಡ ಅನ್ನಲ್ಲ, ಒಳಗೆ ಕೂರೋದು ನಾಲ್ಕು ಜನ. ಅಪೊಲೊ ಓಡೋಡಿ ಹೋಯ್ತು ಅಂತೀವಲ್ಲ, 1967ರ ಜನವರೀಲಿ ನೆಲದ ಮೇಲೆ ರಿಹರ್ಸಲ್ ಮಾಡ್ತಿರ್ಬೇಕಾದ್ರೆ ಅಪೊಲೊ 1ರ ಕ್ಯಾಬಿನ್ನಲ್ಲಿ ಬೆಂಕಿ ಬಿದ್ದು ಗ್ರಿಸಮ್, ವೈಟ್, ಚಾಫೀ ಮೂವರೂ ಹೋಗ್ಬಿಟ್ರು, ಮತ್ತೆ ಜನ ಹಾರಿದ್ದು 1968ರ ಅಕ್ಟೋಬರಲ್ಲಿ. ಕ್ಯೂರಿಂಗಿಗೆ ನೀರು ಹಾಕ್ಕೊಂಡು ಕಾಯೋ ದಿನ ಬೇರೆ, ಮೇಸ್ತ್ರಿ ಬರಲಿ ಅಂತ ಕಾಯೋ ದಿನ ಬೇರೆ.

ಇಷ್ಟೊತ್ತಿಗೆ ಚೀಲದ ಒಂದು ಮಗ್ಗುಲು ತುಂಬಿತ್ತು. ಮಾವ ಅದನ್ನ ತಿರುಗಿಸಿ, ಪೆನ್ಸಿಲ್ ನನ್ನ ಕೈಯಿಂದ ಕಿತ್ಕೊಂಡು, ತಮ್ಮದೇ ಲೆಕ್ಕ ಶುರು ಮಾಡಿದ್ರು. ಮೊದ್ಲು ಹೇಳಿದ್ದ ಗೃಹಪ್ರವೇಶ ಹೋದ ಯುಗಾದಿ. ಯುಗಾದಿ ದಿನ ಹೇಳಿದ್ದು ಶ್ರಾವಣ. ಶ್ರಾವಣದಲ್ಲಿ ಹೇಳಿದ್ದು ಸಂಕ್ರಾಂತಿ. ಕಳೆದಿದ್ದೆಷ್ಟು, ಜಾರಿದ್ದೆಷ್ಟು ಅಂತ ಬೆರಳು ಮಡಚಿ ಎಣಿಸಿ, ಎರಡು ಸಲ ಎಣಿಸಿ, ಸುಮ್ನೆ ಕೂತ್ರು.

ಅತ್ತೆ ಟಿಫನ್ ಕ್ಯಾರಿಯರ್ ಹಿಡ್ಕೊಂಡು ಒಳಗೆ ಬಂದು, ಟೈಲ್ಸಿನವ್ನು ಬಂದಿದ್ನಾ, ಯಾವಾಗಂತೆ ಮುಗಿಯೋದು ಅಂದ್ರು.

ಮಾವ ಚೀಲಾನ ನಾಲ್ಕು ಮಡಿಕೆ ಮಾಡಿ ಹಲಗೆ ಕೆಳಗೆ ತಳ್ಳಿದ್ರು. "ದಸರಾಕಿಂತ ಮೊದಲಂತೂ ಇಲ್ಲ ಕಣೆ" ಅಂದ್ರು.